ಇಪ್ಪತ್ತೆರಡು ನಿಮಿಷದ ದೀಪ

ನಗರಸಭೆಯ ಸಂಬಳದ ಪಟ್ಟಿಯಲ್ಲಿ ಅವನಿಗೊಂದು ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಊರಿಗೆಲ್ಲ ಅವನು ಕಂಬದಣ್ಣ. ಹೆಂಡತಿ ಕೂಡ ಸಿಟ್ಟು ಬಂದಾಗ, "ಏನ್ ಕಂಬದಣ್ಣ, ಊಟಕ್ಕೆ ಕೆಳಗಿಳಿದು ಬರ್ತೀರೋ, ಮೇಲಕ್ಕೇ ಕಳಿಸ್ಲೋ?" ಎಂದು ಕುಟುಕುತ್ತಿದ್ದಳು.

ಅವನಪ್ಪ ವಿದ್ಯುತ್ ಕಂಬ ನೆಡಲು ಗುಂಡಿ ತೋಡುತ್ತಿದ್ದ ಕೂಲಿಯವನು. ಗುಂಡಿಯ ಹಿಂದೆ ಗುಂಡಿ ತೋಡುತ್ತ ಈ ಊರಿಗೆ ಬಂದ. ಇಲ್ಲಿಗೆ ಕೆಲಸ ಮುಗಿಯಿತು, ಸಂಸಾರವೂ ಇಲ್ಲೇ ನಿಂತಿತು. ಮಗ ಏಳನೆಯ ತರಗತಿ ಮುಗಿಸಿ ಒಬ್ಬ ಹಳೆಯ ಲೈನ್‌ಮನ್‌ನ ಕೈಕೆಳಗೆ ಸೇರಿಕೊಂಡ. ಕಂಬ ಹತ್ತುವುದು, ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುವುದು, ಸುಟ್ಟ ಚೋಕನ್ನು ಕೆಳಗೆ ನಿಂತು ಮೂಗಿನಿಂದಲೇ ಕಂಡುಹಿಡಿಯುವುದು, ಎಲ್ಲ ಅಲ್ಲಿ ಕಲಿತ ವಿದ್ಯೆ. ಒಮ್ಮೆ ಬಿದ್ದು ಎಡಗಾಲಿನ ಹಿಮ್ಮಡಿ ಮುರಿದುಕೊಂಡಿದ್ದ. ಅಂದಿನಿಂದ ನಡಿಗೆಯಲ್ಲಿ ಒಂದು ಸಣ್ಣ ಕುಂಟು ಉಳಿದಿತ್ತು. ಹತ್ತುವಾಗ ಮಾತ್ರ ಅದು ಕಾಣುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಅವನು ದಿನಗೂಲಿ ನೌಕರ. ರಜೆಯಿಲ್ಲ, ಪಿಂಚಣಿಯಿಲ್ಲ, ನಾಳೆ ಬರಬೇಡ ಅಂದರೆ ಕೇಳುವವರಿಲ್ಲ. ಆ ವರ್ಷ ಕೊನೆಗೂ ಕಾಯಂ ಮಾಡುವವರ ಪಟ್ಟಿ ತಯಾರಾಗುತ್ತಿತ್ತು. ಹನ್ನೊಂದು ಹೆಸರು, ಅದರಲ್ಲಿ ನಾಲ್ಕನೆಯದು ಅವನದು. ನರ್ಸಿಂಗ್ ಓದುತ್ತಿದ್ದ ಮಗಳು ಕಚೇರಿಯ ಗೋಡೆಗೆ ಅಂಟಿಸಿದ್ದ ಕರಡು ಪಟ್ಟಿಯ ಫೋಟೋ ತೆಗೆದು ತಂದಿದ್ದಳು. ಹೆಂಡತಿ ಅದನ್ನು ದಿನಕ್ಕೊಮ್ಮೆಯಾದರೂ ನೋಡುತ್ತಿದ್ದಳು.

ಮೊದಲು ಬೀದಿದೀಪ ನೋಡಲು ಸಂಜೆ ಪಾಳಿಯಲ್ಲಿ ನಾಲ್ವರಿದ್ದರು. ಒಬ್ಬೊಬ್ಬರಾಗಿ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೊನೆಗೆ ಸಂಜೆಯ ಪಾಳಿಯನ್ನೇ ತೆಗೆದರು. ಉಳಿದದ್ದು ಒಬ್ಬ ಮನುಷ್ಯ, ಆರುನೂರ ನಲವತ್ತು ದೀಪ. ಆಗ ಕಂಬದಣ್ಣನೇ ಒಂದು ಉಪಾಯ ಹೂಡಿದ. ಬೆಳಿಗ್ಗೆ ಒಂದು ಬೀದಿಯ ಸ್ವಿಚ್ ಪೆಟ್ಟಿಗೆ ತೆರೆದು ದೀಪ ಹಚ್ಚುವುದು, ಸೈಕಲ್ ಏರಿ ಬೀದಿಯುದ್ದಕ್ಕೂ ಕತ್ತೆತ್ತಿ ನೋಡುತ್ತ ಹೋಗುವುದು, ಉರಿದದ್ದಕ್ಕೆ ರಿಜಿಸ್ಟರಿನಲ್ಲಿ ಸರಿ ಗುರುತು ಹಾಕಿ ವಾಪಸು ಬಂದು ಆರಿಸುವುದು. ಬೀದಿಗೆ ಐದೇ ನಿಮಿಷ.

"ನೋಡ್ರಪ್ಪ, ಬಿಸಿಲಿಗೆ ಟಾರ್ಚ್ ಹಿಡಿಯೋ ಮಹಾರಾಯ ಬಂದ," ಎಂದು ಅಂಗಡಿಯವರು ನಗುತ್ತಿದ್ದರು.

"ನಕ್ಕೊಳ್ಳಿ. ಸಂಜೆ ಎಡವಿ ಬೀಳದೆ ಮನೆ ಸೇರ್ತೀರಲ್ಲ, ಅದು ನನ್ನಿಂದ," ಎನ್ನುತ್ತಿದ್ದ ಅವನು. ಅದನ್ನು ನಂಬಿಯೂ ಇದ್ದ. ಆಗಿನ ಎಂಜಿನಿಯರ್ ಎಲ್ಲರೆದುರು ಬೆನ್ನು ತಟ್ಟಿದ್ದರು. ರಿಜಿಸ್ಟರಿನ ಯಾವ ಪುಟ ತೆರೆದರೂ ಅವನ ಗುರುತು, ಅವನ ಸಹಿ, ಒಂದು ದಿನವೂ ತಪ್ಪಿಲ್ಲ.

ಊರಿನಲ್ಲಿ ಆಗ ಚುನಾವಣೆಗೆ ಮೂರು ತಿಂಗಳಿತ್ತು. ನಗರಸಭೆಯ ಅಧ್ಯಕ್ಷರಿಗೂ ಅವರಿಗಿಂತ ಮೊದಲಿದ್ದ ಅಧ್ಯಕ್ಷರಿಗೂ ಹಾವು ಮುಂಗುಸಿ. ಜನ ಅವರನ್ನು ಹಾಲಿ, ಮಾಜಿ ಎಂದಷ್ಟೇ ಕರೆಯುತ್ತಿದ್ದರು. ಹಾಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಿಸಿದ್ದರು: ‘ನಾಲ್ಕು ವರ್ಷ, ನೂರಕ್ಕೆ ನೂರು ಬೆಳಕು.’ ಅದರಲ್ಲಿ ಕಳ್ಳತನ ಅರ್ಧಕ್ಕರ್ಧ ಇಳಿದಿದೆ ಎಂಬ ಲೆಕ್ಕ, ದೊಡ್ಡ ವೃತ್ತದ ಹೊಸ ಕಾರಂಜಿಯ ಬಣ್ಣದ ಚಿತ್ರ. ಮಾಜಿಯ ಬ್ಯಾನರ್ ಅದಕ್ಕೆ ಎದುರೇ ಎದ್ದಿತು: ‘ನನ್ನ ಕಾಲದ ರಸ್ತೆ, ಇವರ ಕಾಲದ ಗುಂಡಿ. ನನ್ನ ಕಾಲದ ನೆಮ್ಮದಿ, ಇವರ ಕಾಲದ ಸುಲಿಗೆ.’ ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ನೋಡಿದರೂ ಇದೇ ಜಗಳ. ಯಾರ ಕಾಲದಲ್ಲಿ ಎಷ್ಟು ಬೀಗ ಒಡೆದವು, ಯಾರ ಕಾಲದಲ್ಲಿ ಎಷ್ಟು ಚರಂಡಿ ಮುಚ್ಚಿದವು.

ಅಂಥ ಹೊತ್ತಿನಲ್ಲಿ ಒಂದು ಮಂಗಳವಾರ ಸಂಜೆ ಏಳೂವರೆಗೆ, ಗೋದಾಮು ಬೀದಿಯಲ್ಲಿ, ಊರಿನ ಲೆಕ್ಕಕ್ಕೆ ನಲವತ್ತೊಂದನೆಯ ಕಂಬದ ಕೆಳಗೆ, ಅದೇ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ಹೊಲಿಗೆ ಅಕ್ಕನ ಕೈಚೀಲವನ್ನು ಯಾರೋ ಎಳೆದರು. ಚೀಲದಲ್ಲಿದ್ದದ್ದು ಹೊಲಿದು ಇಸ್ತ್ರಿ ಮಾಡಿದ ಬಟ್ಟೆ, ಮತ್ತು ಅವಳ ದೊಡ್ಡ ಕತ್ತರಿ. ಅವಳು ಬಿಡಲಿಲ್ಲ. ಎಳೆದವನು ಕೈ ತಿರುಚಿ ತಳ್ಳಿದ. ಬಲ ಮಣಿಕಟ್ಟಿನ ಎರಡು ಮೂಳೆ ಮುರಿದವು. ಅವಳು ಠಾಣೆಯಲ್ಲಿ ಹೇಳಿದ್ದು ಇಷ್ಟೇ: "ಕತ್ತಲಿತ್ತು. ಮುಖ ಕಾಣ್ಲಿಲ್ಲ."

ಹೊಲಿಗೆ ಅಕ್ಕ ಕಂಬದಣ್ಣನ ಮನೆಗೆ ಹೊಸಬಳಲ್ಲ. ಅವನ ಹೆಂಡತಿ ಹತ್ತು ವರ್ಷದಿಂದ ಅವಳ ಅಂಗಡಿಗೆ ಗುಂಡಿ ಹಚ್ಚಿ, ಅಂಚು ಮಡಚಿ ಕೊಡುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುವಷ್ಟು ಹತ್ತಿರದವರು.

ಎರಡೇ ದಿನದಲ್ಲಿ ಮಾಜಿಯ ಕಡೆಯವರು ಬ್ಯಾಂಡೇಜು ಕಟ್ಟಿದ ಅವಳ ಕೈಯ ಚಿತ್ರವನ್ನು ದೊಡ್ಡದು ಮಾಡಿ ವೃತ್ತದಲ್ಲಿ ತೂಗುಹಾಕಿದರು. ಅವಳನ್ನು ಯಾರೂ ಕೇಳಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹಾಲಿಯ ಪಕ್ಷದ ವಾರ್ಡ್ ಸದಸ್ಯ ನಗರಸಭೆಯ ಉಗ್ರಾಣಕ್ಕೆ ಬಂದ. ಅವನ ಗಂಟಲಿಗೆ ಊರು ಇಟ್ಟ ಹೆಸರು ಮೈಕು.

"ಕಂಬದಣ್ಣ, ಮಂಗಳವಾರ ನಲವತ್ತೊಂದು ಉರೀತಿತ್ತೋ ಇಲ್ವೋ?"

ಕಂಬದಣ್ಣ ರಿಜಿಸ್ಟರ್ ತೆಗೆದ. ಮಂಗಳವಾರ, ಗೋದಾಮು ಬೀದಿ, ನಲವತ್ತೊಂದು, ಸರಿ ಗುರುತು, ಸಹಿ.

"ಉರೀತಿತ್ತು ಸಾರ್."

"ಗ್ಯಾರಂಟಿ?"

"ನನ್ನ ದೀಪ ಸಾರ್. ನಂಗೊತ್ತಿಲ್ವಾ?"

"ಹಂಗಾದ್ರೆ ಅದನ್ನೇ ಒಂದು ಹಾಳೇಲಿ ಬರ್ದು ಕೊಡು."

ಬರೆದುಕೊಟ್ಟ. ಬರೆಯುವಾಗ ಒಂದಿಷ್ಟು ಸಿಟ್ಟೂ ಇತ್ತು. ಹೊಲಿಗೆ ಅಕ್ಕ ಹೆದರಿಕೆಯಲ್ಲಿ ಏನೋ ಅಂದಿರಬಹುದು, ಆದರೆ ಅವನ ದೀಪಕ್ಕೆ ಯಾಕೆ ಕಳಂಕ?

ಭಾನುವಾರದ ಪತ್ರಿಕೆಯನ್ನು ಮಗಳು ಜೋರಾಗಿ ಓದಿದಳು. "‘ದೀಪ ಉರಿಯುತ್ತಿರುವಾಗ ಕತ್ತಲು ಎಲ್ಲಿಂದ ಬಂತು? ಇದು ಮಾಜಿ ಅಧ್ಯಕ್ಷರು ಬರೆದುಕೊಟ್ಟ ನಾಟಕ, ಆ ಮಹಿಳೆ ಅದರ ಪಾತ್ರಧಾರಿ. ನಗರಸಭೆಯ ನೌಕರನ ಲಿಖಿತ ಹೇಳಿಕೆ ನಮ್ಮಲ್ಲಿದೆ.’ ಅಪ್ಪಾ, ನೌಕರ ಅಂದ್ರೆ ನೀನಾ?"

ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. "ನೀವು ಕಂಡ್ರಾ ದೀಪ ಉರಿದಿದ್ದು?"

"ಕಂಡೆ. ಬೆಳಿಗ್ಗೆ ಒಂಬತ್ತೂವರೆಗೆ."

"ಅವಳ ಕೈ ಮುರಿದಿದ್ದು ಬೆಳಿಗ್ಗೆ ಒಂಬತ್ತೂವರೆಗಾ?"

"ಬೆಳಿಗ್ಗೆ ಉರಿಯೋ ದೀಪ ಸಂಜೆಗೆ ಎಲ್ಲಿ ಓಡಿಹೋಗುತ್ತೆ?" ಎಂದು ಅವನು ಗೊಣಗಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಸೋಮವಾರ ಇನ್‌ಸ್ಪೆಕ್ಟರ್ ಹೊಲಿಗೆ ಅಕ್ಕನನ್ನು ಕರೆಸಿ ಮೆತ್ತಗಿನ ದನಿಯಲ್ಲೇ ಹೇಳಿದರಂತೆ: ಕಾಲು ಜಾರಿ ಬಿದ್ದೆ ಅಂತ ಬರೆದುಕೊಟ್ಟರೆ ವಿಷಯ ಇಲ್ಲಿಗೆ ಮುಗಿಯುತ್ತದೆ. ಇಲ್ಲವಾದರೆ ಸುಳ್ಳು ದೂರು ಕೊಟ್ಟಿದ್ದಕ್ಕೆ ಅವಳ ಮೇಲೆಯೇ ಕೇಸು. ಬರುವ ವಾರದ ಶುಕ್ರವಾರದವರೆಗೆ ಯೋಚನೆ ಮಾಡಲಿ. ಅವಳು ಯೋಚನೆ ಮಾಡಲು ಏನೂ ಇಲ್ಲ ಎಂದು ಎದ್ದು ಬಂದಳಂತೆ. ಆ ದಿನದಿಂದ ಅವಳ ಅಂಗಡಿಗೆ ಬಟ್ಟೆ ಕೊಡುವವರು ಕಡಿಮೆಯಾದರು. ಅವಳು ಹೇಗೂ ಹೊಲಿಯುವಂತಿರಲಿಲ್ಲ. ಆದರೂ, ಕೈ ವಾಸಿಯಾಗುವವರೆಗೆ ಕಾಯುತ್ತೇವೆ ಎಂದಿದ್ದವರೂ ಬಂದು ಬಟ್ಟೆ ವಾಪಸು ಒಯ್ದರು.

ಬುಧವಾರ ಸಂಜೆ ಹೆಂಡತಿ ಗುಂಡಿ ಹಚ್ಚಿದ ಆರು ಅಂಗಿಗಳ ಗಂಟನ್ನು ಕಂಬದಣ್ಣನ ಕೈಗೆ ತುರುಕಿದಳು. "ಕೊಟ್ಟು ಬನ್ನಿ. ನಂಗೆ ಅವಳ ಮುಖ ನೋಡೋಕಾಗಲ್ಲ, ನಿಮ್ಮಿಂದ."

ಅವನಿಗೂ ಆಗಲಿಲ್ಲ. ಗೋದಾಮು ಬೀದಿಗೆ ಹೋಗಿ, ಅವಳ ಅಂಗಡಿಯ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದೀಪಗಳು ಟೈಮರಿನ ಲೆಕ್ಕಕ್ಕೆ ತಾವಾಗಿಯೇ ಹತ್ತಿದವು. ನಲವತ್ತೊಂದೂ ಹತ್ತಿತು, ಮೊದಲು ಮಂಕಾಗಿ, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗಿ ಬೀದಿಯನ್ನೆಲ್ಲ ತುಂಬಿತು. ‘ನೋಡು, ಉರೀತಾ ಇದೆ’ ಎಂದು ಮನಸ್ಸಿನಲ್ಲೇ ಯಾರಿಗೋ ಹೇಳಿಕೊಂಡ. ಚಹಾ ತರಿಸಿ ಕುಡಿದ. ಇನ್ನೊಂದು ತರಿಸಿದ. ಅದನ್ನು ಬಾಯಿಗಿಡುವಷ್ಟರಲ್ಲಿ ನಲವತ್ತೊಂದು ಒಮ್ಮೆ ಕಣ್ಣು ಮಿಟುಕಿಸಿ ಆರಿಹೋಯಿತು.

ಕಂಬದಣ್ಣ ಲೋಟ ಕೆಳಗಿಟ್ಟ.

"ಇದೇನಿದು?"

"ಇದೇನು ಹೊಸದಾ?" ಎಂದ ಚಹಾದಂಗಡಿಯವನು, ಲೋಟ ತೊಳೆಯುತ್ತಲೇ. "ಎರಡು ಸಲ ದೂರು ಕೊಟ್ಟೆನಲ್ಲ ಮಾರಾಯ. ಎರಡೂ ಸಲ ಬೆಳಿಗ್ಗೆ ಬಂದು ಹಚ್ಚಿ ನೋಡಿ, ‘ಸರಿ ಇದೆ’ ಅಂತ ಬರ್ಕೊಂಡು ಹೋದೆ. ತಾಳು, ಈಗ ಮತ್ತೆ ಬರುತ್ತೆ."

ಬಂತು. ಆರು ನಿಮಿಷ ಕತ್ತಲು, ಮತ್ತೆ ಮಂಕು, ಮತ್ತೆ ಕಿತ್ತಳೆ. ಕಂಬದಣ್ಣ ಗಡಿಯಾರ ನೋಡುತ್ತ ಕೂತ. ಇಪ್ಪತ್ತೆರಡು ನಿಮಿಷಕ್ಕೆ ಮತ್ತೆ ಆರಿತು. ಅವನಿಗೆ ಎಲ್ಲ ಅರ್ಥವಾಯಿತು. ವಯಸ್ಸಾದ ಸೋಡಿಯಂ ದೀಪ ಕಾದಂತೆ ಸೋಲುತ್ತದೆ, ಆರಿ ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ಐದು ನಿಮಿಷ ನೋಡಿದವನಿಗೆ ಅದು ಎಂದೂ ಸಿಕ್ಕಿಬೀಳುವುದಿಲ್ಲ. ಅವನು ಎದ್ದು ಬೀದಿಯುದ್ದಕ್ಕೂ ನಡೆದ. ಒಂಬತ್ತು ದೀಪಗಳಲ್ಲಿ ಐದು ಹೀಗೆಯೇ ಸರದಿಯ ಮೇಲೆ ಸತ್ತು ಬದುಕುತ್ತಿದ್ದವು. ರಿಜಿಸ್ಟರಿನಲ್ಲಿ ಒಂಬತ್ತಕ್ಕೆ ಒಂಬತ್ತೂ ಸರಿ.

ಅಂಗಿಯ ಗಂಟನ್ನು ಚಹಾದಂಗಡಿಯವನ ಕೈಯಲ್ಲೇ ಕಳಿಸಿ ಮನೆಗೆ ಬಂದ. ಹೆಂಡತಿಗೆ ಏನೂ ಹೇಳಲಿಲ್ಲ.

ಮರುದಿನವೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಸ್ವಿಚ್ ಪೆಟ್ಟಿಗೆ ತೆರೆಯುತ್ತಿದ್ದ, ಸೈಕಲ್ ಹತ್ತುತ್ತಿದ್ದ, ಗುರುತು ಹಾಕುವಾಗ ಕೈ ನಿಂತುಬಿಡುತ್ತಿತ್ತು. ಈಗ ಬಾಯಿ ಬಿಟ್ಟರೆ ಮೊದಲು ಕಿತ್ತುಹೋಗುವುದು ನಾಲ್ಕನೆಯ ಹೆಸರು ಎಂಬುದು ಅವನಿಗೆ ಗೊತ್ತಿತ್ತು. ಮೈಕು ಅದನ್ನು ಮರೆಯಲು ಬಿಡಲಿಲ್ಲ. ಉಗ್ರಾಣದ ಬಾಗಿಲಲ್ಲಿ ನಿಂತು, "ಪಟ್ಟಿ ಅಧ್ಯಕ್ಷರ ಮೇಜಿನ ಮೇಲಿದೆ ಕಣಪ್ಪ. ಈ ಸೋಮವಾರ ಬಿಟ್ಟು ಆಚೆ ಸೋಮವಾರ ಸಹಿ ಆಗುತ್ತೆ. ನಿನ್ನ ಹೇಳಿಕೆ ನೋಡಿ ಖುಷಿಯಾಗಿದ್ದಾರೆ," ಎಂದು ಬೀದಿಗೆಲ್ಲ ಕೇಳುವ ಗುಟ್ಟು ಹೇಳಿ ಹೋದ.

ಶನಿವಾರ ಮಾಜಿಯ ವಕೀಲ ಬಂದ. ಸೌಮ್ಯ ಮನುಷ್ಯ, ಕನ್ನಡಕ ಒರೆಸಿಕೊಳ್ಳುತ್ತ ಮಾತಾಡುವವನು.

"ನೋಡಿ, ‘ಅಧ್ಯಕ್ಷರ ಒತ್ತಡಕ್ಕೆ ಸುಳ್ಳು ಬರೆದೆ’ ಅಂತ ಒಂದು ಮಾತು ಹೇಳಿ ಸಾಕು. ನಾವು ಗೆದ್ದರೆ ನಿಮ್ಮ ಹೆಸರು ನಾಲ್ಕನೆಯದಲ್ಲ, ಮೊದಲನೆಯದು."

"ಒತ್ತಡ ಯಾರೂ ಹಾಕ್ಲಿಲ್ಲ ಸಾರ್. ನಾನೇ ಬರೆದೆ."

"ಅದೇ. ಅದನ್ನ ಸ್ವಲ್ಪ ತಿರುಗಿಸಿ ಹೇಳ್ಬೇಕು."

"ತಿರುಗಿಸಿದ್ರೆ ಅದು ಸುಳ್ಳಾಗುತ್ತಲ್ಲ?"

ವಕೀಲ ಕನ್ನಡಕ ಹಾಕಿಕೊಂಡ. "ಈಗ ಬರೆದಿರೋದು ಮಾತ್ರ ಸತ್ಯವಾ?"

ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಕಂಬದಣ್ಣನಿಗೆ ಊಟ ಸೇರದಾಯಿತು. ಗೋದಾಮು ಬೀದಿ ತಪ್ಪಿಸಿ ಬಳಸು ದಾರಿಯಲ್ಲಿ ಮನೆಗೆ ಬರತೊಡಗಿದ. ಹಾಲಿ, ಮಾಜಿ ಇಬ್ಬರಿಗೂ ಅವನು ಬೇಕಾಗಿದ್ದ, ಹೊಲಿಗೆ ಅಕ್ಕನೂ ಬೇಕಾಗಿದ್ದಳು. ಆದರೆ ಆ ದೀಪ ಯಾಕೆ ಆರುತ್ತದೆ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಮಂಗಳವಾರ ಸಂಜೆ ತಟ್ಟೆಯ ಮುಂದೆ ಕೂತವನು ಕೈ ತೊಳೆದು ಎದ್ದುಬಿಟ್ಟ. ಹೆಂಡತಿ ಅಡ್ಡ ನಿಂತಳು. ಆಗ ಎಲ್ಲ ಹೇಳಿದ. ಬೆಂಚು, ಚಹಾ, ಇಪ್ಪತ್ತೆರಡು ನಿಮಿಷ, ಆರು ನಿಮಿಷ. ಅವಳು ಗೋಡೆಗೆ ಒರಗಿ ಕೂತಳು.

"ಪಟ್ಟಿ ಬರೋದು ಯಾವಾಗ?"

"ಸೋಮವಾರ."

"ಅವಳಿಗೆ ಕೊಟ್ಟ ಗಡುವು?"

"ಈ ಶುಕ್ರವಾರ."

ಅವಳು ಮೊಬೈಲ್ ತೆಗೆದು ಕರಡು ಪಟ್ಟಿಯ ಚಿತ್ರವನ್ನು ಒಮ್ಮೆ ನೋಡಿದಳು. ಬೆರಳಿನಿಂದ ಅಗಲ ಮಾಡಿ ನಾಲ್ಕನೆಯ ಸಾಲು ನೋಡಿದಳು. ಅವಳ ಕಣ್ಣು ತುಂಬಿದ್ದವು. "ಶುಕ್ರವಾರ ಮೊದ್ಲು ಬರುತ್ತೆ ಕಣ್ರೀ," ಎಂದಳು.

ಬುಧವಾರ ಅವನು ದೀಪ ವಿಭಾಗದ ಎಂಜಿನಿಯರಮ್ಮನ ಮುಂದೆ ನಿಂತ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೇಳುತ್ತ ಕೇಳುತ್ತ ಅವಳ ಮುಖ ಇಳಿದುಹೋಯಿತು. ಎದ್ದು ಹೋಗಿ ಬಾಗಿಲು ಮುಚ್ಚಿದಳು.

"ಇದನ್ನ ಬಾಯಲ್ಲಿ ಹೇಳ್ಬೇಡಿ ಅಣ್ಣ. ಬಾಯಲ್ಲಿ ಹೇಳಿದ್ರೆ ನಾನು ಕೇಳಿಸಿಕೊಂಡೆ ಅನ್ನೋದಕ್ಕೂ ದಾಖಲೆ ಇರಲ್ಲ. ಬರೆದು ಕೊಡಿ."

ಬರೆದ. ಬೆಳಗಿನ ಐದು ನಿಮಿಷದ ಪದ್ಧತಿ ತನ್ನದೇ, ಸಂಜೆ ತಾನು ನೋಡಿಲ್ಲ, ಮೊದಲು ಕೊಟ್ಟ ಹೇಳಿಕೆ ತಪ್ಪು. ಅವಳು ಆ ಹಾಳೆಯನ್ನು ಆಯುಕ್ತರಿಗೆ ಒಯ್ದಳು. ಆಯುಕ್ತರಿಗೆ ಹಾಲಿಯೂ ಬೇಕು, ನಾಳೆ ಗೆದ್ದರೆ ಮಾಜಿಯೂ ಬೇಕು. ಯಾವ ಕಡೆಗೂ ವಾಲದ ಒಂದೇ ದಾರಿ ಅವರಿಗೆ ಕಂಡಿತು: ಗುರುವಾರ ಸಂಜೆ ಎಲ್ಲರೂ ಕಂಬದ ಕೆಳಗೆ ಬಂದು ಕಣ್ಣಾರೆ ನೋಡಲಿ.

ಆ ಸಂಜೆ ಗೋದಾಮು ಬೀದಿಯಲ್ಲಿ ಸಂತೆಯಷ್ಟು ಜನ. ಹಾಲಿ ಒಂದು ಕಡೆ, ಮಾಜಿ ಇನ್ನೊಂದು ಕಡೆ, ನಡುವೆ ಕಂಬ. ಆಯುಕ್ತರು, ಇನ್‌ಸ್ಪೆಕ್ಟರ್, ಎಂಜಿನಿಯರಮ್ಮ ಚಹಾದಂಗಡಿಯ ಬೆಂಚಿನ ಬಳಿ ನಿಂತಿದ್ದರು. ಹೊಲಿಗೆ ಅಕ್ಕ ತನ್ನ ಅಂಗಡಿಯ ಹೊಸ್ತಿಲು ಬಿಟ್ಟು ಇಳಿಯಲಿಲ್ಲ.

ದೀಪ ಹತ್ತಿತು. ಕಿತ್ತಳೆ ಬೆಳಕು ಎಲ್ಲರ ಮುಖದ ಮೇಲೆ ಬಿದ್ದದ್ದೇ ತಡ, ಹಾಲಿಯ ಕಡೆಯವರು ಚಪ್ಪಾಳೆ ಹೊಡೆದರು.

"ಯಾರ್ರೀ ಅಂದಿದ್ದು ಕತ್ತಲು ಅಂತ? ಕಣ್ಣು ಡಾಕ್ಟರ ವಿಳಾಸ ಬೇಕಾ?" ಎಂದು ಮೈಕು ಕೂಗಿದ.

ಮಾಜಿಯ ವಕೀಲ ಮತ್ತೆ ಮತ್ತೆ ಕನ್ನಡಕ ಒರೆಸಿದ. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಹಾಲಿ ಕಾರಿನತ್ತ ಹೆಜ್ಜೆ ಹಾಕಿದರು.

"ಇನ್ನೊಂದು ಏಳು ನಿಮಿಷ ಇರಿ ಸಾರ್," ಎಂದ ಕಂಬದಣ್ಣ.

ಇಪ್ಪತ್ತೆರಡನೆಯ ನಿಮಿಷಕ್ಕೆ ದೀಪ ಆರಿತು. ಈಗ ಮಾಜಿಯ ಕಡೆಯವರ ಸರದಿ. ಶಿಳ್ಳೆ, ಕೇಕೆ. "ಇದೇನಾ ನೂರಕ್ಕೆ ನೂರು? ಅಧ್ಯಕ್ಷರೇ, ನಿಮ್ಮ ಪುಸ್ತಿಕೆ ಓದೋಕೂ ಬೆಳಕಿಲ್ಲ!" ಆರು ನಿಮಿಷ ಹೀಗೇ ನಡೆಯಿತು. ಆಮೇಲೆ ದೀಪ ಮತ್ತೆ ಹತ್ತಿತು. ಯಾರು ಕೂಗಬೇಕು, ಯಾರು ಸುಮ್ಮನಿರಬೇಕು ಎಂದು ಎರಡೂ ಕಡೆಯವರಿಗೆ ತಿಳಿಯದೆ ಪರಸ್ಪರ ಮುಖ ನೋಡಿಕೊಂಡರು.

ಎಂಜಿನಿಯರಮ್ಮ ಕಡತ ತೆರೆದಳು. "ಈ ದೀಪಗಳನ್ನ ಹಿಂದಿನ ಅಧ್ಯಕ್ಷರ ಅವಧಿಯಲ್ಲಿ ಹಾಕಿದ್ದು. ಬೇರೆ ಕಡೆ ಬಳಸಿ ತೆಗೆದ ಹಳೇ ದೀಪಗಳು ಅಂತ ಉಗ್ರಾಣದ ಟಿಪ್ಪಣಿ ಇದೆ. ಬದಲಾಯಿಸಬೇಕು ಅಂತ ಈಗಿನ ಅವಧಿಯಲ್ಲಿ ಮೂರು ಸಲ ಕಡತ ಹೋಗಿದೆ. ಮೂರು ಸಲವೂ ‘ಕಾರಂಜಿ ಕೆಲಸ ಮುಗಿದ ಮೇಲೆ’ ಅಂತ ವಾಪಸು ಬಂದಿದೆ."

ಶಿಳ್ಳೆ ನಿಂತಿತು. ಮಾಜಿಗೆ ಎಲ್ಲೋ ಹೋಗುವ ಕೆಲಸ ನೆನಪಾಯಿತು. ಹಾಲಿಯ ಕಾರು ಅದಕ್ಕಿಂತ ಮೊದಲೇ ಹೊರಟಿತ್ತು. ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಂಡು ಹೊಸ್ತಿಲ ಬಳಿ ಹೋಗಿ, "ನಿಮ್ಮ ದೂರು ಹಾಗೇ ಇರುತ್ತಮ್ಮ. ಮುಂದುವರಿಸ್ತೀವಿ," ಎಂದರು.

ಜನ ಚದುರಿದ ಮೇಲೆ ಕಂಬದಣ್ಣ ಹೊಲಿಗೆ ಅಕ್ಕನ ಹತ್ತಿರ ಹೋದ. ಬ್ಯಾಂಡೇಜಿನ ಕೈಯನ್ನು ಅವಳು ಎದೆಗೆ ಒತ್ತಿಕೊಂಡಿದ್ದಳು.

"ನಿಂಗೆ ಯಾವತ್ತು ಗೊತ್ತಾಯ್ತು ಅಣ್ಣ?"

ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಹೋದ ವಾರದ ಬುಧವಾರ," ಎಂದ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ನೀನು ಬರೆದುಕೊಡೋವರೆಗೆ ಏಳು ದಿನ. ಅಷ್ಟು ದಿನ ನಾನು ನೀರಿಗೆ ಹೋದ್ರೆ ಹಿಂದಿನಿಂದ ‘ನಾಟಕದೋಳು’ ಅಂತಿದ್ರು. ನಮ್ಮಮ್ಮನೇ ಒಂದಿನ ಕೇಳಿದ್ಲು, ನಿಜ ಹೇಳೇ, ಬಿದ್ದೆಯಾ ಅಂತ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಪಟ್ಟಿ ಬಂತು. ಹತ್ತು ಹೆಸರಿದ್ದವು. ಜೊತೆಗೆ ಅವನಿಗೊಂದು ನೋಟೀಸು: ರಿಜಿಸ್ಟರಿನಲ್ಲಿ ತಪ್ಪು ದಾಖಲೆ ಬರೆದದ್ದಕ್ಕೆ ಕಾರಣ ಕೊಡಬೇಕು. ಅಲ್ಲಿಯವರೆಗೆ ದೀಪದ ಕೆಲಸ ಬಿಟ್ಟು ನೀರಿನ ಟ್ಯಾಂಕಿನಲ್ಲಿ ವಾಲ್ವ್ ತಿರುಗಿಸಬೇಕು. ನಲವತ್ತೊಂದನೆಯ ಕಂಬಕ್ಕೆ ಹೊಸ ದೀಪ ಬಂತು, ಅದರ ಕೆಳಗೆ ಹಾಲಿ ನಿಂತು ಫೋಟೋ ತೆಗೆಸಿಕೊಂಡರು. ಉಳಿದ ನಾಲ್ಕು ಹಾಗೇ ಇದ್ದವು. ಮಾಜಿಯ ಹೊಸ ಬ್ಯಾನರಿನಲ್ಲಿ ಚರಂಡಿಯ ವಿಷಯ ಬಂದಿತ್ತು, ದೀಪದ ಮಾತೇ ಇರಲಿಲ್ಲ. ಒಂದು ಸಂಜೆ ಹೆಂಡತಿ, ಪಾತ್ರೆ ತೊಳೆಯುತ್ತ, "ಹತ್ತೊಂಬತ್ತು ವರ್ಷ," ಎಂದಳು; ಅವನಿಗಲ್ಲ, ಪಾತ್ರೆಗೆ.

ಶನಿವಾರ ಠಾಣೆಯಿಂದ ಕರೆ ಬಂತು. ದೀಪದ ಬಗ್ಗೆ ಸಾಕ್ಷಿ ಬೇಕು, ಬರೆಸಿಕೊಳ್ಳಬೇಕು. ಹೊಲಿಗೆ ಅಕ್ಕ ಆಗಲೇ ಬಂದು ಬೆಂಚಿನ ಒಂದು ತುದಿಯಲ್ಲಿ ಕೂತಿದ್ದಳು. ಅವನು ಇನ್ನೊಂದು ತುದಿಯಲ್ಲಿ ಕೂತ. ಅವಳು ತಿರುಗಿ ನೋಡಲಿಲ್ಲ.

ಠಾಣೆಯ ರೈಟರ್ ಒಂದೊಂದೇ ಕೇಳಿ ಬರೆದುಕೊಂಡ. ಎಷ್ಟು ನಿಮಿಷ ಬೆಳಕು, ಎಷ್ಟು ನಿಮಿಷ ಕತ್ತಲು, ಬೆಳಿಗ್ಗೆ ಎಷ್ಟು ಹೊತ್ತು ನೋಡುತ್ತಿದ್ದೆ, ಸಂಜೆ ಯಾಕೆ ನೋಡಲಿಲ್ಲ. ಬರೆದು ಮುಗಿಸಿ ಒಮ್ಮೆ ಓದಿ ಹೇಳಿದ. ಎಲ್ಲ ಸರಿಯಾಗಿತ್ತು. ಸಹಿಗೆಂದು ಹಾಳೆಯನ್ನು ಈ ಕಡೆ ತಿರುಗಿಸಿದ.

ಕಂಬದಣ್ಣ ಪೆನ್ನು ಹಿಡಿದು ಹಾಗೇ ಕೂತ. "ಇನ್ನೊಂದು ಸಾಲು ಸೇರಿಸ್ಬೇಕು ಸಾರ್. ಗೊತ್ತಾದ ಮೇಲೂ ಏಳು ದಿನ ನಾನು ಕಚೇರಿಗಾಗಲಿ ಠಾಣೆಗಾಗಲಿ ಹೇಳಲಿಲ್ಲ ಅಂತ."

"ಅದು ಕೇಸಿಗೆ ಬೇಕಾಗಿಲ್ಲಪ್ಪ. ಸುಮ್ನೆ ನಿಂಗೇ ತೊಂದ್ರೆ. ನೋಟೀಸು ಬೇರೆ ಇದೆ ಅಂತೀಯ."

"ಬೇಕು," ಎಂದಳು ಹೊಲಿಗೆ ಅಕ್ಕ, ಬೆಂಚಿನ ಆ ತುದಿಯಿಂದ. "ಬರ್ಕೊಳ್ಳಿ."

ರೈಟರ್ ಇಬ್ಬರ ಮುಖವನ್ನೂ ನೋಡಿದ. ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, ಕೆಳಗೆ ಉಳಿದಿದ್ದ ಜಾಗದಲ್ಲಿ ಆ ಸಾಲನ್ನು ಬರೆದ. ಕಂಬದಣ್ಣ ಅದನ್ನು ಎರಡು ಸಲ ಓದಿ ಅದರ ಕೆಳಗೆ ಸಹಿ ಹಾಕಿದ.